ಹಳೆಯ ಆಟೊಮ್ಯಾಟಿಕ್ ಕಾರು: ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ: ಸುಂಟಿಕೊಪ್ಪ ತೋಟದಮನೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2009ರ ಮಾದರಿಯ ಪೆಟ್ರೋಲ್ ಸೆಡಾನ್ ಕಾರು ಇದೆ. ನಾಲ್ಕು ಗೇರಿನ ಆಟೊಮ್ಯಾಟಿಕ್. ಇಲ್ಲಿಯವರೆಗೆ 1,18,000 ಕಿಲೋಮೀಟರ್ ಓಡಿದೆ. ಎಡ ಮಂಡಿಯ ಶಸ್ತ್ರಚಿಕಿತ್ಸೆಯಾದ ಬಳಿಕ ಕ್ಲಚ್ ತುಳಿಯುವುದು ಇನ್ನು ನನ್ನಿಂದಾಗದು ಎಂದು ಖಚಿತವಾದಾಗ, ಮನೆಯಲ್ಲಿದ್ದ ಜೀಪನ್ನು ತಮ್ಮನಿಗೆ ಬಿಟ್ಟುಕೊಟ್ಟು 2016ರಲ್ಲಿ ಇದನ್ನು ಎರಡನೆಯ ಮಾಲೀಕನಾಗಿ ಕೊಂಡೆ. ಮಡಿಕೇರಿಯ ಆಸ್ಪತ್ರೆಗೆ, ಕುಶಾಲನಗರದ ಬ್ಯಾಂಕಿಗೆ, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ, ಎಲ್ಲಕ್ಕೂ ಇದೊಂದೇ ಕಾರು. ಇದು ನಿಂತರೆ ನಾನೂ ಮನೆಯಲ್ಲಿ ನಿಂತಂತೆ.

ಏಳೆಂಟು ತಿಂಗಳಿಂದ ಮೂರು ತೊಂದರೆಗಳು ಕಾಣಿಸಿಕೊಂಡಿವೆ. ಬೆಳಗಿನ ಚಳಿಯಲ್ಲಿ ಚಾಲೂ ಮಾಡಿ ಪಾರ್ಕಿಂಗಿನ ಪಿಯಿಂದ ರಿವರ್ಸಿನ ಆರ್‌ಗೆ ಹಾಕಿದರೆ ಎರಡು ಮೂರು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ 'ಧಡ್' ಎಂಬ ಶಬ್ದದೊಂದಿಗೆ ಕಾರು ಹಿಂದಕ್ಕೆ ಜಗ್ಗುತ್ತದೆ. ಮುಂದೆ ಓಡಿಸುವ ಡಿಗೆ ಹಾಕಿದಾಗಲೂ ಸ್ವಲ್ಪ ತಡವಾಗುತ್ತದೆ, ಆದರೆ ಅಷ್ಟಿಲ್ಲ. ಎರಡನೆಯದಾಗಿ, ಮಡಿಕೇರಿಯತ್ತ ಏರುವಾಗ 50ರಿಂದ 60ರ ವೇಗದಲ್ಲಿ ಆಕ್ಸಿಲರೇಟರನ್ನು ಹಗುರವಾಗಿ ಒತ್ತಿ ಹಿಡಿದರೆ, ಸಾಲು ಉಬ್ಬುಪಟ್ಟಿಗಳ ಮೇಲೆ ಹೋದ ಹಾಗೆ ಕಾರು ಗಡಗಡನೆ ನಡುಗುತ್ತದೆ. ಜೋರಾಗಿ ಒತ್ತಿದ ಕೂಡಲೇ ನಡುಕ ನಿಲ್ಲುತ್ತದೆ. ಮೂರನೆಯದು ಅಪರೂಪ: ರಾತ್ರಿಯಿಡೀ ಮಳೆ ಬಂದ ಮರುದಿನ ಬೆಳಿಗ್ಗೆ ಕೆಲವೊಮ್ಮೆ ಕೀ ತಿರುಗಿಸಿದರೂ ಸ್ಟಾರ್ಟರ್ ತಿರುಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ತಿರುಗುತ್ತದೆ. ಬ್ಯಾಟರಿ ಕಳೆದ ವರ್ಷವಷ್ಟೇ ಹಾಕಿಸಿದ್ದು.

ಒಂದು ಗ್ಯಾರೇಜಿನಲ್ಲಿ ಐದು ನಿಮಿಷ ಓಡಿಸಿ ನೋಡಿ, "ಗೇರ್‌ಬಾಕ್ಸ್ ಹೋಗಿದೆ, ಇಳಿಸಿ ಪೂರ್ತಿ ರೀಬಿಲ್ಡ್ ಮಾಡಬೇಕು, ಲಕ್ಷ ದಾಟುತ್ತದೆ" ಎಂದರು. ಎಣ್ಣೆ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಮತ್ತೊಬ್ಬರು ಹೇಳಿದರೆ, ಇಷ್ಟು ವರ್ಷ ಮುಟ್ಟದ ಎಣ್ಣೆಯನ್ನು ಈಗ ಬದಲಿಸಿದರೆ ಮರುದಿನವೇ ಕಾರು ನಿಲ್ಲುತ್ತದೆ, ಮುಟ್ಟಲೇಬೇಡಿ ಎಂದು ಮೂರನೆಯವರು ಎಚ್ಚರಿಸಿದರು. ಕಾರಿನ ಬೆಲೆಯೇ ಈಗ ಎರಡು ಲಕ್ಷ ಬಾಳುವುದು ಕಷ್ಟ. ಜೂನ್ ಬರುವ ಮೊದಲು ತೀರ್ಮಾನಿಸಬೇಕಾಗಿದೆ. ಗೇರ್‌ಬಾಕ್ಸ್ ಇಳಿಸದೆಯೇ ದೋಷ ಎಲ್ಲಿದೆಯೆಂದು ಪತ್ತೆಮಾಡುವ ಕ್ರಮ ಇದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಕುಶಾಲನಗರ ಮೇಸ್ತ್ರಿ

ಸರ್, ನಮಸ್ಕಾರ. ಮೈಸೂರಿನಲ್ಲಿ ಹಲವು ವರ್ಷ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ಕೆಲಸವನ್ನೇ ಮಾಡಿ ಈಗ ಊರಿಗೆ ಮರಳಿದ್ದೇನೆ. ನಿಮ್ಮ ಪತ್ರ ಓದಿದ ಕೂಡಲೇ ನನಗೆ ಅನ್ನಿಸಿದ್ದು ಇಷ್ಟು: ನೀವು ಹೇಳಿರುವುದು ಮೂರು ದೂರುಗಳು, ಅವಕ್ಕೆ ಮೂರು ಬೇರೆ ಬೇರೆ ಕಾರಣಗಳಿರಬಹುದು. ಮೂರನ್ನೂ ಒಟ್ಟುಗೂಡಿಸಿ "ಗೇರ್‌ಬಾಕ್ಸ್ ಹೋಗಿದೆ" ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಪರೀಕ್ಷೆಯಲ್ಲ, ಊಹೆ. ಲಕ್ಷ ರೂಪಾಯಿಯ ಕೆಲಸಕ್ಕೆ ಒಪ್ಪುವ ಮೊದಲು ಮನೆಯಲ್ಲಿಯೇ ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಮಾಡಿ ನೋಡಿ.

ಮೊದಲು ನಿಮ್ಮದು ಯಾವ ಬಗೆಯ ಆಟೊಮ್ಯಾಟಿಕ್ ಎಂಬುದು ಸ್ಪಷ್ಟವಾಗಬೇಕು. ಈಗ ಎಲ್ಲರೂ ಆಟೊಮ್ಯಾಟಿಕ್ ಎಂದು ಕರೆಯುವ ಎಎಮ್‌ಟಿ ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊದೊಂದಿಗೆ ಬಂದದ್ದು. ಅದು ಸಾಮಾನ್ಯ ಗೇರ್‌ಬಾಕ್ಸಿಗೇ ಮೋಟಾರು ಜೋಡಿಸಿದ ಏರ್ಪಾಡು, ಅದರ ಕಾಯಿಲೆಗಳೇ ಬೇರೆ. ಬೆಲ್ಟಿನ ಮೇಲೆ ನಡೆಯುವ ಸಿವಿಟಿ ಇನ್ನೊಂದು ಜಾತಿ. 2009ರ ನಾಲ್ಕು ಗೇರಿನದು ಎಂದಿರುವುದರಿಂದ ನಿಮ್ಮದು ಟಾರ್ಕ್ ಕನ್ವರ್ಟರ್ ಇರುವ ಹಳೆಯ ಪದ್ಧತಿಯ ಗೇರ್‌ಬಾಕ್ಸ್. ಇದರಲ್ಲಿ ಎಣ್ಣೆ ಬರೀ ಜಾರುವಿಕೆಗೆ ಇರುವುದಲ್ಲ. ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ಸಾಗಿಸುವುದೂ ಅದೇ, ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಅದೇ, ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಒಯ್ಯುವುದೂ ಅದೇ. ಆದ್ದರಿಂದಲೇ ಪರೀಕ್ಷೆ ಎಣ್ಣೆಯಿಂದ ಆರಂಭವಾಗಬೇಕು. ಎಣ್ಣೆಯನ್ನು ನೋಡದೆ ಗೇರ್‌ಬಾಕ್ಸಿನ ಬಗ್ಗೆ ಮಾತಾಡುವ ಮೆಕ್ಯಾನಿಕ್ಕನ್ನು ನಾನು ನಂಬುವುದಿಲ್ಲ.

ನಿಮ್ಮ ಕಾರಿನ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್, ಅಂದರೆ ಎಣ್ಣೆಯ ಮಟ್ಟ ನೋಡುವ ಕಡ್ಡಿ, ಇದ್ದರೆ ಕೆಲಸ ಸುಲಭ. ಇಪ್ಪತ್ತು ಕಿಲೋಮೀಟರಿನಷ್ಟು ಓಡಿಸಿ ಎಣ್ಣೆ ಬಿಸಿಯಾದ ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ನಮ್ಮ ಕಡೆ ಸಮತಟ್ಟು ಎಂದು ಕಾಫಿ ಕಣದಲ್ಲಿ ನಿಲ್ಲಿಸುವವರಿದ್ದಾರೆ, ಆದರೆ ನೀರು ಹರಿದುಹೋಗಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಪೆಟ್ರೋಲ್ ಬಂಕಿನ ಅಂಗಳ ಹೆಚ್ಚು ಉತ್ತಮ. ಬ್ರೇಕ್ ಒತ್ತಿ ಹಿಡಿದು ಗೇರಿನ ಹಿಡಿಯನ್ನು ಪಿ, ಆರ್, ಎನ್ (ನ್ಯೂಟ್ರಲ್), ಡಿ ಎಲ್ಲದರಲ್ಲೂ ಎರಡು ಮೂರು ಸೆಕೆಂಡು ನಿಲ್ಲಿಸಿ ಮತ್ತೆ ಪಿಗೆ ತನ್ನಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಮಟ್ಟ ನೋಡಬೇಕು. ಹೋಂಡಾ ಕಾರುಗಳಲ್ಲಿ ಮಾತ್ರ ಎಂಜಿನ್ ನಿಲ್ಲಿಸಿ ಒಂದೊಂದೂವರೆ ನಿಮಿಷದೊಳಗೆ ನೋಡುವ ಕ್ರಮವಿದೆ. ನಿಮ್ಮ ಕಾರಿನ ಪುಸ್ತಕದಲ್ಲಿ ಹೇಳಿರುವುದನ್ನೇ ಪಾಲಿಸಿ, ಏಕೆಂದರೆ ತಪ್ಪು ಕ್ರಮದಲ್ಲಿ ನೋಡಿದರೆ ಸರಿಯಿರುವ ಎಣ್ಣೆಯೂ ಕಡಿಮೆಯಾಗಿಯೋ ಹೆಚ್ಚಾಗಿಯೋ ಕಾಣುತ್ತದೆ. ಕಡ್ಡಿಯನ್ನು ನೂಲು ಬಿಡದ ಬಟ್ಟೆಯಿಂದ ಒರಸಿ, ಮತ್ತೆ ಪೂರ್ತಿ ಇಳಿಸಿ, ಹೊರತೆಗೆದು 'ಬಿಸಿ' ಗುರುತಿನ ನಡುವೆ ಎಣ್ಣೆ ಇದೆಯೇ ನೋಡಿ. ಮಟ್ಟ ಕಡಿಮೆಯಿದ್ದರೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತದೆ, ಒತ್ತಡ ನಿಧಾನವಾಗಿ ಏರುತ್ತದೆ, ಗೇರ್ ತಡವಾಗಿ ಹಿಡಿಯುತ್ತದೆ. ಹೆಚ್ಚಾದರೂ ಕೆಡುಕೇ, ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಮಾಡುತ್ತವೆ.

ಮಟ್ಟವಾದ ಮೇಲೆ ಬಣ್ಣ ಮತ್ತು ವಾಸನೆ. ಒಂದು ಹನಿಯನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಬಿಡಿ. ಹೊಸ ಎಣ್ಣೆ ಸಾಮಾನ್ಯವಾಗಿ ದಾಳಿಂಬೆ ರಸದಂತೆ ಕೆಂಪಾಗಿರುತ್ತದೆ. ಕಂದು ಬಣ್ಣ ವಯಸ್ಸಿನ ಗುರುತು, ಅದೊಂದರಿಂದಲೇ ಭಯ ಬೇಡ. ಕಪ್ಪಾಗಿದ್ದು, ಸುಟ್ಟ ಕ್ಲಚ್ ಪ್ಲೇಟಿನ ವಾಸನೆ ಬರುತ್ತಿದ್ದು, ಬೆರಳುಗಳ ನಡುವೆ ಉಜ್ಜಿದಾಗ ಪುಡಿ ಸಿಕ್ಕರೆ ಒಳಗಿನ ಪ್ಲೇಟುಗಳು ಸವೆದಿವೆ ಎಂದೇ ಅರ್ಥ. ಆಗ ಆ ಗ್ಯಾರೇಜಿನವರು ಹೇಳಿದ್ದು ಸರಿಯಿರಬಹುದು.

ಈಗ ನಿಮ್ಮ ಮೊದಲ ದೂರಿಗೆ ಬರುತ್ತೇನೆ. ಆರ್ ಮತ್ತು ಡಿ ಎರಡಕ್ಕೂ ಬಳಕೆಯಾಗುವ ಕ್ಲಚ್ಚುಗಳು ಬೇರೆ ಬೇರೆ. ಆರ್ ಮಾತ್ರ ತಡವಾಗಿ ಡಿ ಸರಿಯಾಗಿ ಹಿಡಿಯುತ್ತಿದ್ದರೆ ಆ ಒಂದು ಕ್ಲಚ್ಚಿನಲ್ಲಿ ಎಣ್ಣೆ ಸೋರದಂತೆ ತಡೆಯುವ ಸೀಲಿನ ಮೇಲೆ ಅನುಮಾನ ಪಡಬೇಕು. ಎರಡೂ ತಡವಾಗುತ್ತಿದ್ದರೆ ಎರಡಕ್ಕೂ ಸಾಮಾನ್ಯವಾದ ಎಣ್ಣೆಯ ಮಟ್ಟ, ಫಿಲ್ಟರ್, ಪಂಪುಗಳತ್ತ ನೋಡಬೇಕು. ನಿಮ್ಮಲ್ಲಿ ಎರಡೂ ತಡವಾಗುತ್ತಿವೆ, ಅದೂ ತಣ್ಣಗಿರುವಾಗ. ಎಣ್ಣೆ ಕಡಿಮೆಯಾಗಿದ್ದರೆ ಅದು ಎಲ್ಲಿಗೋ ಹೋಗುತ್ತಿರಬೇಕು, ಏಕೆಂದರೆ ಈ ಗೇರ್‌ಬಾಕ್ಸುಗಳು ಎಂಜಿನ್ನಿನಂತೆ ಎಣ್ಣೆ ಸುಡುವುದಿಲ್ಲ. ರಾತ್ರಿ ಕಾರಿನ ಕೆಳಗೆ ದೊಡ್ಡದೊಂದು ರಟ್ಟು ಹಾಸಿ, ಮುಂದಿನ ಚಕ್ರಗಳ ಜಾಗವನ್ನು ಅದರ ಮೇಲೆ ಗುರುತು ಮಾಡಿಡಿ. ಬೆಳಿಗ್ಗೆ ಹನಿ ಬಿದ್ದ ಜಾಗವೇ ಸೋರಿಕೆಯ ವಿಳಾಸ ಹೇಳುತ್ತದೆ.

'ಧಡ್' ಶಬ್ದವನ್ನು ಮಾತ್ರ ಗೇರ್‌ಬಾಕ್ಸಿನ ಲೆಕ್ಕಕ್ಕೆ ಬರೆಯಬೇಡಿ. ಬಾನೆಟ್ ತೆರೆದು, ಮತ್ತೊಬ್ಬರನ್ನು ಒಳಗೆ ಕೂರಿಸಿ, ಹ್ಯಾಂಡ್‌ಬ್ರೇಕ್ ಹಾಕಿಸಿ, ಕಾಲಿನ ಬ್ರೇಕನ್ನೂ ಬಲವಾಗಿ ಒತ್ತಿಸಿ ಆರ್‌ಗೂ ಡಿಗೂ ಹಾಕಲು ಹೇಳಿ. ನೀವು ಕಾರಿನ ಮುಂದೆಯೂ ಹಿಂದೆಯೂ ನಿಲ್ಲದೆ ಪಕ್ಕದಲ್ಲಿ ನಿಂತು ನೋಡಬೇಕು. ಎಂಜಿನ್ ಒಂದು ಬೆರಳಿನಷ್ಟು ವಾಲಿದರೆ ಸರಿ. ಎದ್ದು ಕುಣಿದರೆ ಎಂಜಿನ್ನನ್ನು ಹಿಡಿದು ಕೂರಿಸುವ ಮೌಂಟಿನ ರಬ್ಬರು ಹರಿದಿದೆ. ಮೌಂಟ್ ಹರಿದದ್ದನ್ನು ಗೇರ್‌ಬಾಕ್ಸ್ ದೋಷವೆಂದು ತಿಳಿದು ಇಳಿಸಿದ ಕಾರುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆ ಮಾಲೀಕರು ಕಳೆದುಕೊಂಡ ಹಣ ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

ನಡುಕದ ವಿಷಯ ಹೆಚ್ಚು ಸ್ವಾರಸ್ಯಕರ. ಟಾರ್ಕ್ ಕನ್ವರ್ಟರಿನಲ್ಲಿ ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ಬೀಸುತ್ತವೆ, ಆ ಎಣ್ಣೆಯ ಹೊಡೆತಕ್ಕೆ ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳು ತಿರುಗುತ್ತವೆ. ಇದರಲ್ಲಿ ಸ್ವಲ್ಪ ವೇಗ ಯಾವಾಗಲೂ ನಷ್ಟವಾಗುವುದರಿಂದ, ಒಂದೇ ಸಮನೆ ಹೋಗುವಾಗ ಒಳಗಿನ ಒಂದು ಚಿಕ್ಕ ಕ್ಲಚ್ ಎರಡನ್ನೂ ನೇರವಾಗಿ ಹಿಡಿದುಕೊಳ್ಳುತ್ತದೆ. ಇದಕ್ಕೆ ಲಾಕ್‌ಅಪ್ ಎನ್ನುತ್ತಾರೆ. ಎಣ್ಣೆ ಹಳತಾಗಿ ಅದರ ಗುಣ ಕೆಟ್ಟಾಗ ಈ ಕ್ಲಚ್ ಹಿಡಿಯುತ್ತ ಜಾರುತ್ತ, ಹಿಡಿಯುತ್ತ ಜಾರುತ್ತ ನಡುಗುತ್ತದೆ. ನೀವು ಜೋರಾಗಿ ಒತ್ತಿದಾಗ ಕಂಪ್ಯೂಟರ್ ಲಾಕ್‌ಅಪ್ ಬಿಡಿಸುವುದರಿಂದ ನಡುಕ ನಿಲ್ಲುತ್ತದೆ. ಇದನ್ನು ಖಚಿತಪಡಿಸಿಕೊಳ್ಳಲು ಒಂದು ದಾರಿಯಿದೆ. ಕುಶಾಲನಗರ ದಾಟಿ ಬೈಲಕುಪ್ಪೆಯ ಕಡೆಗೆ ನೇರ ರಸ್ತೆ ಸಿಗುತ್ತದೆ. ಹಿಂದೆ ಮುಂದೆ ವಾಹನವಿಲ್ಲದಾಗ, ನಡುಕ ಬಂದಿರುವಾಗಲೇ, ಆಕ್ಸಿಲರೇಟರನ್ನು ಹಾಗೆಯೇ ಹಿಡಿದು ಬ್ರೇಕ್ ಪೆಡಲನ್ನು ಬ್ರೇಕ್ ಹಿಡಿಯದಷ್ಟು ಹಗುರವಾಗಿ, ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕಿನ ಸ್ವಿಚ್ಚು ಲಾಕ್‌ಅಪ್ಪನ್ನು ಬಿಡಿಸುತ್ತದೆ. ಆ ಕ್ಷಣವೇ ನಡುಕ ನಿಂತು ಎಂಜಿನ್ನಿನ ವೇಗ ನೂರಿನ್ನೂರು ಆರ್‌ಪಿಎಮ್ ಏರಿದರೆ ದೋಷ ಲಾಕ್‌ಅಪ್ಪಿನದು. ನಿಮ್ಮ ಎಡಗಾಲಿಗೆ ಇದು ಕಷ್ಟವಾದರೆ ಬೇರೆಯವರು ಓಡಿಸಲಿ. ಬ್ರೇಕ್ ಮುಟ್ಟಿದರೂ ನಡುಕ ನಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್‌ಗಳನ್ನು ನೋಡಿಸಬೇಕು. ಒಂದು ಸಿಲಿಂಡರ್ ತಪ್ಪಿ ಉರಿಯುವಾಗಲೂ ಏರಿನಲ್ಲಿ ಇದೇ ತರಹದ ನಡುಕ ಬರುತ್ತದೆ.

ಮಳೆಯ ಮರುದಿನ ಸ್ಟಾರ್ಟ್ ಆಗದಿರುವುದಕ್ಕೆ ಪಿಯಿಂದ ಎನ್‌ಗೆ ತಂದು ಕೀ ತಿರುಗಿಸಿ ನೋಡಿ. ಅಲ್ಲಿ ಚಾಲೂ ಆದರೆ ಗೇರಿನ ಸ್ಥಾನವನ್ನು ಕಂಪ್ಯೂಟರಿಗೆ ತಿಳಿಸುವ ಸ್ವಿಚ್ಚಿನೊಳಗೆ ತೇವ ಸೇರಿ ಕಿಲುಬುಗಟ್ಟಿದೆ. ಗೇರ್‌ಬಾಕ್ಸಿನ ಹೊರಮೈ ಮೇಲೆ ಇರುವ ಭಾಗ ಅದು, ಒಳಗಿನದಲ್ಲ. ವೈರುಗಳನ್ನು ಇಲಿ ಕಡಿದಿದೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಿ. ತೋಟದ ಮನೆಗಳಲ್ಲಿ ನಿಲ್ಲಿಸುವ ಕಾರುಗಳಿಗೆ ಇದು ಸಾಮಾನ್ಯ.

ಕೊನೆಯದಾಗಿ ಒಂದು ವಿನಂತಿ. ಬ್ರೇಕ್ ಒತ್ತಿ ಹಿಡಿದು ಡಿಯಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತುವ ಸ್ಟಾಲ್ ಟೆಸ್ಟನ್ನು ಯಾರಾದರೂ ಮನೆಯಲ್ಲೇ ಮಾಡಲು ಹೇಳಿದರೆ ಮಾಡಬೇಡಿ. ಕೆಲವೇ ಸೆಕೆಂಡುಗಳಲ್ಲಿ ಎಣ್ಣೆ ಕುದಿಯುವಷ್ಟು ಬಿಸಿಯಾಗುತ್ತದೆ, ಬ್ರೇಕ್ ಜಾರಿದರೆ ಜೀವಕ್ಕೇ ಅಪಾಯ.

ಉತ್ತರ: ಸಂಪಾಜೆ ಘಾಟಿ

ಮೇಸ್ತ್ರಿಯವರು ಬರೆದದ್ದಕ್ಕೆ ನನ್ನದು ಚಿಕ್ಕ ಸೇರ್ಪಡೆ. ನಾನು ಮಡಿಕೇರಿ ಮತ್ತು ಮಂಗಳೂರು ನಡುವೆ ಬಾಡಿಗೆ ಕಾರು ಓಡಿಸುವವನು, ಅದರಲ್ಲಿ ಆರು ವರ್ಷ ಆಟೊಮ್ಯಾಟಿಕ್. ನಮ್ಮ ಏರುಗಳಲ್ಲಿ ಹಿಡಿಯನ್ನು ಡಿಯಲ್ಲೇ ಬಿಟ್ಟರೆ ಗೇರ್‌ಬಾಕ್ಸ್ ಮೂರಕ್ಕೂ ನಾಲ್ಕಕ್ಕೂ ನಡುವೆ ತೂಗಾಡುತ್ತಲೇ ಇರುತ್ತದೆ, ಲಾಕ್‌ಅಪ್ ಹಿಡಿಯುತ್ತದೆ ಬಿಡುತ್ತದೆ, ಎಣ್ಣೆ ಕಾಯುತ್ತದೆ. ನಿಮ್ಮ ಕಾರಿನ ಹಿಡಿಯಲ್ಲಿ ಓವರ್‌ಡ್ರೈವ್, ಅಂದರೆ ನಾಲ್ಕನೆಯ ಗೇರ್, ಆಫ್ ಮಾಡುವ ಗುಂಡಿ ಇದ್ದರೆ ಏರು ಶುರುವಾಗುವ ಮೊದಲೇ ಒತ್ತಿ. ಇಳಿಯುವಾಗ ಎರಡನೆಯ ಗೇರಿಗೆ ತನ್ನಿ, ಬ್ರೇಕಿನ ಮೇಲೆಯೇ ಇಳಿಯಬೇಡಿ. ಪರೀಕ್ಷೆಗೂ ಇದು ಉಪಯೋಗ: ಓವರ್‌ಡ್ರೈವ್ ಆಫ್ ಮಾಡಿದಾಗ ನಡುಕ ಮಾಯವಾಗುತ್ತದೆಯೇ ಎಂದು ಬರೆದಿಟ್ಟುಕೊಳ್ಳಿ.

ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ. ಕಾರು ದಾರಿಯಲ್ಲಿ ನಿಂತರೆ ಜೀಪಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಜೋಡುಪಾಲದ ಬಳಿ ನಿಂತ ಒಂದು ಕಾರನ್ನು ಸಹಾಯ ಮಾಡುವ ಮನಸ್ಸಿನಿಂದಲೇ ಎಲ್ಲರೂ ಸೇರಿ ಮಡಿಕೇರಿಯವರೆಗೆ ಎಳೆದರು. ಎಂಜಿನ್ ಓಡದಿದ್ದರೆ ಗೇರ್‌ಬಾಕ್ಸಿನ ಪಂಪು ತಿರುಗುವುದಿಲ್ಲ, ಎಣ್ಣೆಯಿಲ್ಲದೆ ಒಳಗಿನ ಭಾಗಗಳು ಮಾತ್ರ ತಿರುಗುತ್ತವೆ. ಆ ಕಾರಿನ ಮೂಲ ದೋಷ ಬರೀ ಇಂಧನ ಪಂಪಿನದಾಗಿತ್ತು, ಎಳೆದದ್ದರಿಂದ ಗೇರ್‌ಬಾಕ್ಸೂ ಹೋಯಿತು. ಮುಂದಿನ ಚಕ್ರ ಎಳೆಯುವ ಆಟೊಮ್ಯಾಟಿಕ್ ಕಾರನ್ನು ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು, ಇಲ್ಲವೇ ಮುಂದಿನ ಚಕ್ರಗಳನ್ನು ಎತ್ತಿ ಒಯ್ಯಬೇಕು. ತಳ್ಳಿ ಸ್ಟಾರ್ಟ್ ಮಾಡುವುದಂತೂ ಸಾಧ್ಯವೇ ಇಲ್ಲ.

ಉತ್ತರ: ನಾಪೋಕ್ಲು ಕಾಫಿಹೂ

ನನ್ನ ಅನುಭವವನ್ನು ಬರೆಯುವುದು ಕರ್ತವ್ಯವೆಂದು ಭಾವಿಸಿ ಬರೆಯುತ್ತಿದ್ದೇನೆ, ಏಕೆಂದರೆ ಅಣ್ಣನವರು ಮಳೆಗಾಲದ ಮೊದಲು ತೀರ್ಮಾನಿಸಬೇಕೆಂದಿದ್ದಾರೆ. ಭಾಗಮಂಡಲದಲ್ಲಿ ಸಂಗಮದ ನೀರು ರಸ್ತೆಗೆ ಏರಿದ್ದ ಒಂದು ದಿನ, ಮುಂದೆ ಹೋದ ಬಸ್ಸನ್ನು ನಂಬಿ ನಾನೂ ನನ್ನ ಆಟೊಮ್ಯಾಟಿಕ್ ಕಾರನ್ನು ನೀರಿಗಿಳಿಸಿದೆ. ಬಾಗಿಲಿನ ಕೆಳಗಂಚಿನವರೆಗೆ ಮಾತ್ರ ನೀರು ಬಂದಿತ್ತು, ಎಂಜಿನ್ ನಿಲ್ಲಲಿಲ್ಲ, ಮನೆಗೂ ತಲುಪಿದೆವು. ಮೂರು ವಾರಗಳ ಬಳಿಕ ಗೇರುಗಳು ಜಾರಲು ಆರಂಭಿಸಿದವು. ಕಡ್ಡಿ ಎಳೆದು ನೋಡಿದರೆ ಎಣ್ಣೆ ಸ್ಟ್ರಾಬೆರಿ ಹಾಲಿನಂತೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬಿಸಿಯಾಗಿದ್ದ ಗೇರ್‌ಬಾಕ್ಸ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ರಂಧ್ರದ ಮೂಲಕ ನೀರನ್ನು ಒಳಗೆಳೆದುಕೊಂಡಿತ್ತಂತೆ. ಕ್ಲಚ್ ಪ್ಲೇಟಿನ ಮೇಲಿನ ಪದರವನ್ನು ಅಂಟಿನಿಂದ ಕೂರಿಸಿರುತ್ತಾರೆ, ನೀರು ಆ ಅಂಟನ್ನು ಬಿಡಿಸುತ್ತದೆ. ನನ್ನದು ಇಳಿಸಲೇಬೇಕಾಯಿತು.

ಅದೇ ದಿನ ಸಂಜೆ ಕಡ್ಡಿ ನೋಡಿ ಎಣ್ಣೆ ಬದಲಿಸಿದ್ದರೆ ಉಳಿಯುತ್ತಿತ್ತು ಎಂದು ರಿಪೇರಿ ಮಾಡಿದವರು ಹೇಳಿದ ಮಾತು ಇನ್ನೂ ನೋಯಿಸುತ್ತದೆ. ಹಾಗಾಗಿ ಗುಲಾಬಿ ಬಣ್ಣ ಕಂಡರೆ ಒಂದು ಕಿಲೋಮೀಟರೂ ಓಡಿಸಬೇಡಿ. ನೀರಿಗಿಳಿಸದ ಕಾರಿನಲ್ಲಿ ಈ ಬಣ್ಣ ಬಂದರೆ ರೇಡಿಯೇಟರಿನೊಳಗಿನ ಎಣ್ಣೆಯ ಕೊಳವೆ ಒಡೆದು ಕೂಲೆಂಟ್ ಬೆರೆತಿದೆ ಎಂದು ಅರ್ಥ. ಆಗ ರೇಡಿಯೇಟರನ್ನೂ ಬದಲಿಸಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಸುಂಟಿಕೊಪ್ಪ ತೋಟದಮನೆ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಹೇಳಿದ ಎಲ್ಲ ಪರೀಕ್ಷೆಗಳನ್ನೂ ನನ್ನ ಸೋದರಳಿಯನ ಜೊತೆ ಮಾಡಿದೆ. ಏನು ಕಂಡಿತೋ ಅದನ್ನು ಹಾಗೆಯೇ ಬರೆಯುತ್ತೇನೆ.

ಬಂಕಿನ ಅಂಗಳದಲ್ಲಿ, ಎಂಜಿನ್ ಓಡುತ್ತಿರುವಾಗ, ಮೂರು ಸಲ ಕಡ್ಡಿ ನೋಡಿದೆವು. ಮೂರು ಸಲವೂ ಎಣ್ಣೆ 'ಬಿಸಿ'ಯ ಕೆಳಗುರುತಿಗಿಂತ ಒಂದು ಬೆರಳಗಲ ಕೆಳಗಿತ್ತು. ಬಣ್ಣ ನಮ್ಮ ಮನೆಯ ಬೆಲ್ಲದ ಕಾಫಿಯಂತೆ ಕಂದು, ಸುಟ್ಟ ವಾಸನೆ ನನಗೂ ಬರಲಿಲ್ಲ, ಸೋದರಳಿಯನಿಗೂ ಬರಲಿಲ್ಲ. ಟಿಶ್ಯೂ ಮೇಲೆ ಹನಿ ಅಗಲವಾಗಿ ಹರಡಿತು, ನಡುವೆ ಪುಡಿ ಉಳಿಯಲಿಲ್ಲ. ರಟ್ಟಿನ ಮೇಲೆ ಮೊದಲ ರಾತ್ರಿ ಏನೂ ಬೀಳಲಿಲ್ಲ. ಎರಡನೆಯ ರಾತ್ರಿ ಮಡಿಕೇರಿಗೆ ಹೋಗಿ ಬಂದು ಬಿಸಿಯಲ್ಲೇ ನಿಲ್ಲಿಸಿದ್ದೆವು, ಬೆಳಿಗ್ಗೆ ಎಡ ಮುಂಚಕ್ರದ ಒಳಬದಿಗೆ ಹತ್ತು ಪೈಸೆ ನಾಣ್ಯದಷ್ಟು ಎರಡು ಕಂದುಗೆಂಪು ಕಲೆಗಳಿದ್ದವು. ಕಣದ ಸಿಮೆಂಟಿನ ಮೇಲೆ ನಾನು ನಿತ್ಯ ನಿಲ್ಲಿಸುವ ಜಾಗದಲ್ಲಿ ಹುಡುಕಿದಾಗ ಅದೇ ಸ್ಥಳದಲ್ಲಿ ಹಳೆಯ ಕಲೆಯೊಂದು ಸಿಕ್ಕಿತು, ಅದನ್ನು ಕಾಫಿ ಹಣ್ಣಿನ ಕಲೆ ಎಂದೇ ತಿಳಿದಿದ್ದೆ.

ಬಾನೆಟ್ ತೆರೆದು ಆರ್‌ಗೆ ಹಾಕಿಸಿದಾಗ ಎಂಜಿನ್ ಎರಡು ಬೆರಳಿಗಿಂತ ಹೆಚ್ಚು ಎದ್ದು ಬಿತ್ತು, ಶಬ್ದವೂ ಅಲ್ಲಿಂದಲೇ ಬಂತು. ಬೈಲಕುಪ್ಪೆಯ ರಸ್ತೆಯಲ್ಲಿ ಸೋದರಳಿಯ ಓಡಿಸಿದ. ನಡುಕ ಬಂದಾಗ ಬ್ರೇಕ್ ಪೆಡಲನ್ನು ಮುಟ್ಟಿದ ತಕ್ಷಣ, ಯಾರೋ ಕೈಯಿಂದ ಹಿಡಿದು ನಿಲ್ಲಿಸಿದಂತೆ ನಡುಕ ನಿಂತಿತು. ನಾಲ್ಕು ಸಲ ಮಾಡಿದೆವು, ನಾಲ್ಕು ಸಲವೂ ಹಾಗೆಯೇ. ಓವರ್‌ಡ್ರೈವ್ ಆಫ್ ಮಾಡಿದಾಗ ನಡುಕ ಬರಲೇ ಇಲ್ಲ. ಸ್ಟಾರ್ಟ್ ಆಗದ ಬೆಳಿಗ್ಗೆಗಾಗಿ ಒಂದು ವಾರ ಕಾದೆ. ಬೇಸಗೆಯ ಮಳೆ ಸುರಿದ ಮರುದಿನ ಪಿಯಲ್ಲಿ ಸ್ಟಾರ್ಟರ್ ತಿರುಗಲಿಲ್ಲ, ಎನ್‌ಗೆ ತಂದ ಕೂಡಲೇ ತಿರುಗಿತು. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡುಗಳನ್ನು ಓದುವ ಪರಿಚಯದವರ ಸ್ಕ್ಯಾನರಿನಲ್ಲಿ ಪಿ0706 ಎಂಬ ಒಂದು ಕೋಡ್ ಮಾತ್ರ ಬಂತು.

ಉತ್ತರ: ಕುಶಾಲನಗರ ಮೇಸ್ತ್ರಿ

ಸರ್, ಇಷ್ಟು ಶ್ರದ್ಧೆಯಿಂದ ಬರೆದ ವರದಿ ನನ್ನ ಕೈಗೆ ಅಪರೂಪಕ್ಕೆ ಬರುತ್ತದೆ. ಎಲ್ಲವೂ ಒಂದಕ್ಕೊಂದು ಹೊಂದುತ್ತಿದೆ. ಎಡ ಚಕ್ರಕ್ಕೆ ಬಲ ಒಯ್ಯುವ ಆಕ್ಸಲ್ಲಿನ ಆಯಿಲ್ ಸೀಲು ಸೋರುತ್ತಿದೆ, ಅದರಿಂದ ಎಣ್ಣೆ ಕಡಿಮೆಯಾಗಿದೆ, ಅದರಿಂದ ಗೇರ್ ತಡವಾಗಿ ಹಿಡಿಯುತ್ತಿದೆ. ಶಬ್ದ ಮೌಂಟಿನದು. ನಡುಕ ಲಾಕ್‌ಅಪ್ಪಿನದು. ಪಿ0706 ಎಂದರೆ ಗೇರಿನ ಸ್ಥಾನ ತಿಳಿಸುವ ಸ್ವಿಚ್ಚಿನ ಸಂಕೇತ ಸರಿಯಿಲ್ಲ ಎಂದರ್ಥ. ಒಳಗಿನ ಗೇರ್ ಜಾರುತ್ತಿದ್ದರೆ ಸಾಮಾನ್ಯವಾಗಿ ಪಿ0730ರ ಸಾಲಿನ ಕೋಡುಗಳು ಬರುತ್ತವೆ, ನಿಮ್ಮಲ್ಲಿ ಅವು ಇಲ್ಲದಿರುವುದು ಒಳ್ಳೆಯ ಸೂಚನೆ. ಆದರೆ ಕೋಡ್ ಇಲ್ಲವೆಂಬುದೊಂದನ್ನೇ ನಂಬಿ ನಾನು ಈ ಮಾತು ಹೇಳುತ್ತಿಲ್ಲ, ಸುಟ್ಟ ವಾಸನೆಯಿಲ್ಲದ ಎಣ್ಣೆಯೇ ನನಗೆ ದೊಡ್ಡ ಸಾಕ್ಷಿ.

ಮೊದಲು ಸೀಲು ಹಾಕಿಸಿ. ಸೋರಿಕೆ ನಿಲ್ಲಿಸದೆ ದುಬಾರಿ ಎಣ್ಣೆ ಸುರಿಯುವುದರಲ್ಲಿ ಅರ್ಥವಿಲ್ಲ. ಅದಾದ ಮೇಲೆ ಎಣ್ಣೆಯ ಬದಲಾವಣೆ. ಹಳೆಯ ಎಣ್ಣೆ ಬದಲಿಸಿದರೆ ಗೇರ್‌ಬಾಕ್ಸ್ ಹೋಗುತ್ತದೆ ಎಂಬ ಮಾತಿನ ಹಿಂದೆ ನಿಜವಾದ ಅನುಭವವಿದೆ, ಅದನ್ನು ತಳ್ಳಿಹಾಕುವುದಿಲ್ಲ. ಪ್ಲೇಟುಗಳು ಆಗಲೇ ಸುಟ್ಟಿದ್ದು, ಕಾರು ಜಾರಲು ಆರಂಭಿಸಿದ ಮೇಲೆ ಕೊನೆಯ ಪ್ರಯತ್ನವಾಗಿ ಜನ ಎಣ್ಣೆ ಬದಲಿಸುತ್ತಾರೆ, ಎರಡು ವಾರದಲ್ಲಿ ಗೇರ್‌ಬಾಕ್ಸ್ ನಿಂತಾಗ ಅಪವಾದ ಹೊಸ ಎಣ್ಣೆಯ ಮೇಲೆ ಬರುತ್ತದೆ. ನಿಮ್ಮದು ಆ ಸ್ಥಿತಿಯಲ್ಲಿಲ್ಲ. ಆದರೂ ಯಂತ್ರದಿಂದ ಒತ್ತಡ ಕೊಟ್ಟು ತೊಳೆಸುವುದು ಬೇಡ. ಕೆಳಗಿನ ಬೋಲ್ಟು ಬಿಚ್ಚಿ ಇಳಿದಷ್ಟನ್ನು ಇಳಿಸಿ, ಇಳಿದಷ್ಟೇ ಅಳತೆಯ ಹೊಸದನ್ನೂ ಕಡಿಮೆಯಿದ್ದದ್ದನ್ನೂ ಸೇರಿಸಿ ಹಾಕಬೇಕು. ಕನ್ವರ್ಟರಿನೊಳಗಿನ ಎಣ್ಣೆ ಹೀಗೆ ಇಳಿಯುವುದಿಲ್ಲ. ಒಟ್ಟು 6 ಲೀಟರು ಹಿಡಿಯುವ ಗೇರ್‌ಬಾಕ್ಸಿನಿಂದ ಪ್ರತಿ ಸಲ 2.5 ಲೀಟರು ಇಳಿಯುತ್ತದೆ ಎಂದುಕೊಂಡರೆ, ಮೊದಲ ಸಲದ ನಂತರ ಶೇ. 58ರಷ್ಟು, ಎರಡನೆಯದರ ನಂತರ ಶೇ. 34ರಷ್ಟು, ಮೂರನೆಯದರ ನಂತರ ಶೇ. 20ರಷ್ಟು ಹಳೆಯ ಎಣ್ಣೆ ಉಳಿದಿರುತ್ತದೆ. ಒಂದೊಂದು ಸಲದ ನಡುವೆ ಎರಡು ಮೂರು ನೂರು ಕಿಲೋಮೀಟರ್ ಓಡಿಸಿ.

ಎಣ್ಣೆ ಯಾವುದು ಎಂಬುದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ಟೊಯೋಟಾದ ಡಬ್ಲ್ಯುಎಸ್, ಹೋಂಡಾದ ಡಿಡಬ್ಲ್ಯು-1, ಹ್ಯುಂಡೈ ಹೇಳುವ ಎಸ್‌ಪಿ-3, ಇವು ಒಂದರ ಬದಲು ಇನ್ನೊಂದು ಹಾಕುವಂಥವಲ್ಲ. "ಎಲ್ಲ ಕಾರಿಗೂ ಆಗುತ್ತದೆ" ಎಂದು ಕೊಡುವ ಕೆಂಪು ಎಣ್ಣೆಯಿಂದಲೇ ನಡುಕ ಶುರುವಾಗುವುದುಂಟು. ಪುಸ್ತಕದಲ್ಲಿ ಬರೆದಿರುವುದನ್ನೇ ತರಿಸಿ.

ಇಳಿದ ಎಣ್ಣೆಯನ್ನು ಎಸೆಯುವ ಮೊದಲು ನನಗಾಗಿ ಒಂದು ಕೆಲಸ ಮಾಡಿ. ಬೋಲ್ಟಿನ ಅಥವಾ ಗೇರ್‌ಬಾಕ್ಸಿನ ಕೆಳತಟ್ಟೆಯ ಅಯಸ್ಕಾಂತದ ಮೇಲೆ ಏನು ಅಂಟಿದೆ ನೋಡಿ. ಬೂದು ಬಣ್ಣದ, ವಿಭೂತಿ ಕಲಸಿದಂಥ ನುಣ್ಣನೆಯ ಲೇಪ ಇದ್ದರೆ ಅದು ಸಹಜ ಸವೆತ. ಚೂರುಗಳು, ಸೂಜಿಯಂಥ ಎಳೆಗಳು ಸಿಕ್ಕರೆ, ಇಲ್ಲವೇ ಎಣ್ಣೆಯಲ್ಲಿ ಹಿತ್ತಾಳೆಯ ಮಿಣುಕು ಕಂಡರೆ ಅಲ್ಲಿಗೇ ನಿಲ್ಲಿಸಿ, ಮುಂದಿನ ಎಣ್ಣೆಗೆ ಹಣ ಹಾಕಬೇಡಿ. ಮೂರು ಬದಲಾವಣೆಯ ಬಳಿಕವೂ ನಡುಕ ಹಾಗೆಯೇ ಇದ್ದರೆ ಕನ್ವರ್ಟರ್ ಬದಲಿಸಬೇಕಾಗಬಹುದು, ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು; ಇದನ್ನು ಈಗಲೇ ಹೇಳಿಬಿಡುವುದು ಸರಿ.

ಪ್ರಶ್ನೆ ಕೇಳಿದವರು: ಸುಂಟಿಕೊಪ್ಪ ತೋಟದಮನೆ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಹೊರಗೆ ಕಕ್ಕಡ ತಿಂಗಳ ಮಳೆ ಬಿಡದೆ ಹೊಡೆಯುತ್ತಿದೆ, ಕಾರು ಕೊಟ್ಟಿಗೆಯಲ್ಲಿದೆ.

ಸೀಲು, ಒಂದು ಮೌಂಟು, ಮೂರು ಸಲದ ಎಣ್ಣೆ, ಕೂಲಿ ಎಲ್ಲ ಸೇರಿ 16,400 ರೂಪಾಯಿ ಆಯಿತು. ಸ್ವಿಚ್ಚನ್ನು ಬಿಚ್ಚಿದಾಗ ಒಳಗಿನ ತಾಮ್ರದ ಪಟ್ಟಿಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಅದನ್ನು ಶುದ್ಧ ಮಾಡಿ ಹಾಕಿದ ಮೇಲೆ ಒಂದು ಬೆಳಿಗ್ಗೆಯೂ ಸ್ಟಾರ್ಟರ್ ಕೈಕೊಟ್ಟಿಲ್ಲ, ಮಳೆ ಇಷ್ಟು ಬಂದರೂ. ಅಯಸ್ಕಾಂತದ ಮೇಲಿದ್ದದ್ದು ಮೇಸ್ತ್ರಿಯವರು ಹೇಳಿದ ವಿಭೂತಿಯಂಥ ಲೇಪ. ಬೆರಳಿನಿಂದ ಬಳಿದು ನೋಡಿದೆ, ಒಂದು ಚೂರೂ ತಾಗಲಿಲ್ಲ. ಆರ್ ಈಗ ಒಂದು ಸೆಕೆಂಡಿನೊಳಗೆ, ಶಬ್ದವಿಲ್ಲದೆ ಹಿಡಿಯುತ್ತದೆ.

ನಡುಕ ಮೊದಲ ಸಲದ ನಂತರ ಅರ್ಧಕ್ಕಿಳಿಯಿತು, ಎರಡನೆಯದರ ನಂತರ ಅಪರೂಪವಾಯಿತು. ಪೂರ್ತಿ ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಬೋಯಿಕೇರಿಯ ಏರಿನಲ್ಲಿ, ಎಣ್ಣೆ ಚೆನ್ನಾಗಿ ಬಿಸಿಯಾಗಿದ್ದಾಗ, ವಾರಕ್ಕೊಮ್ಮೆ ಒಂದೆರಡು ಕ್ಷಣ ಬಂದು ಹೋಗುತ್ತದೆ. ಓವರ್‌ಡ್ರೈವ್ ಆಫ್ ಮಾಡಿದರೆ ಅದೂ ಇಲ್ಲ. ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ನಾಲ್ಕನೆಯ ಸಲ ಎಣ್ಣೆ ಬದಲಿಸಿ ನೋಡಬೇಕೆಂದಿದ್ದೇನೆ. ಕನ್ವರ್ಟರಿನ ಮಾತು ಅಲ್ಲಿಯವರೆಗೆ ಬೇಡವೆಂದು ಮೇಸ್ತ್ರಿಯವರೂ ಫೋನಿನಲ್ಲಿ ಹೇಳಿದ್ದಾರೆ. ರಟ್ಟನ್ನು ಈಗಲೂ ರಾತ್ರಿ ಹಾಸುತ್ತೇನೆ. ಎಡ ಚಕ್ರದ ಬಳಿ ಹನಿ ಬಿದ್ದಿಲ್ಲ. ಎಂಜಿನ್ನಿನ ಬಲಭಾಗದಲ್ಲಿ ನಿನ್ನೆ ಕಪ್ಪು ಚುಕ್ಕೆಯೊಂದು ಕಂಡಿತು. ಅದು ಎಂಜಿನ್ ಆಯಿಲ್ ಇರಬೇಕು, ಅದಕ್ಕೆ ಬೇರೆ ಪ್ರಶ್ನೆ ಬರೆಯುತ್ತೇನೆ.